‘ಗ್ರಾಫಿಕ್ಸ್ ಸರಿಯಿಲ್ಲ’ ಎಂಬ ದೂರು: ದೋಷ ಎಲ್ಲಿದೆಯೆಂದು ಹುಡುಕುವ ಕ್ರಮ

ಸಣ್ಣ ಬಜೆಟ್ಟಿನ ಮಾಂತ್ರಿಕ ಚಿತ್ರವೋ ವೈಜ್ಞಾನಿಕ ಕಲ್ಪನೆಯ ಚಿತ್ರವೋ ತೆರೆಕಂಡ ದಿನ ಗಾಂಧಿನಗರದಲ್ಲಿ ಮೊದಲು ಕೇಳಿಬರುವ ತೀರ್ಪು ಎರಡೇ ಪದಗಳದ್ದು: ‘ಗ್ರಾಫಿಕ್ಸ್ ಸರಿಯಿಲ್ಲ’. ವೈದ್ಯರ ಮುಂದೆ ಕುಳಿತು ‘ಮೈ ಸರಿಯಿಲ್ಲ’ ಎಂದಷ್ಟೇ ಹೇಳಿದಂತೆ ಇದು. ದೂರು ಸುಳ್ಳಲ್ಲ, ಆದರೆ ಅದನ್ನು ಹಿಡಿದುಕೊಂಡು ಚಿಕಿತ್ಸೆ ಆರಂಭಿಸಲು ಆಗುವುದಿಲ್ಲ. ಎರಡು ಮೂರು ಕಂಪ್ಯೂಟರುಗಳ ಕೋಣೆಯಲ್ಲಿ ಕಂಪೋಸಿಟಿಂಗ್ (ಬೇರೆ ಬೇರೆ ಚಿತ್ರಪದರಗಳನ್ನು ಒಂದೇ ದೃಶ್ಯವಾಗಿ ಬೆಸೆಯುವ ಕೆಲಸ) ಮಾಡುವವರಿಗೂ, ಅವರ ಬೆನ್ನ ಹಿಂದೆ ಕುಳಿತು ‘ಏನೋ ಒಂದು ಸರಿಹೋಗ್ತಿಲ್ಲ’ ಎನ್ನುವ ನಿರ್ದೇಶಕರಿಗೂ ಉಪಯೋಗವಾಗಲೆಂದು ಈ ಕ್ರಮವನ್ನು ಬರೆದಿಟ್ಟಿದ್ದೇನೆ.

ಇದೇ ಬೆಂಗಳೂರಿನಲ್ಲಿ ಈ ಕೆಲಸ ಮಾಡುತ್ತ ನಾನು ಕಂಡುಕೊಂಡದ್ದು ಇಷ್ಟು: ನೋಡುವವರ ಬೆರಳು ಎಲ್ಲಿಗೆ ತೋರಿಸುತ್ತದೆಯೋ ಅಲ್ಲಿ ದೋಷ ಇರುವುದು ಅಪರೂಪ. ಬೆರಳು ರಾಕ್ಷಸನನ್ನೋ ಆಕಾಶನೌಕೆಯನ್ನೋ ತೋರಿಸುತ್ತದೆ, ದೋಷ ಅದಕ್ಕೂ ಪ್ಲೇಟಿಗೂ (ಕ್ಯಾಮೆರಾದಲ್ಲಿ ಸೆರೆಯಾದ ಮೂಲ ದೃಶ್ಯಕ್ಕೂ) ನಡುವಿನ ಬೆಸುಗೆಯಲ್ಲಿರುತ್ತದೆ, ಆ ಬೆಸುಗೆಯ ಅರ್ಧ ಪಾಲು ಚಿತ್ರೀಕರಣದ ದಿನವೇ ಕೆಟ್ಟಿರುತ್ತದೆ. ನುರಿತ ಕೈಗಳ ಕೊರತೆ ಇದಕ್ಕೆ ಕಾರಣವಲ್ಲ. ಅನಿಮೇಶನ್ ಮತ್ತು ವಿಷುಯಲ್ ಎಫೆಕ್ಟ್ಸ್ ಉದ್ಯಮಕ್ಕೆಂದು ರಾಜ್ಯ ಸರ್ಕಾರ 2012ರಲ್ಲೇ ಪ್ರತ್ಯೇಕ ನೀತಿ ತಂದಿತ್ತು. ಹೊರದೇಶಗಳ ಚಿತ್ರಗಳಿಗೆ ರೋಟೊ (ಫ್ರೇಮ್ ಫ್ರೇಮ್ ಕುಳಿತು ಅಂಚು ಬಿಡಿಸುವುದು), ಪೇಂಟ್ (ಬೇಡದ್ದನ್ನು ಅಳಿಸುವುದು) ಮಾಡಿಕೊಡುವ ಹುಡುಗ ಹುಡುಗಿಯರು ನಮ್ಮ ಬಡಾವಣೆಗಳಲ್ಲೇ ಬಾಡಿಗೆಗಿದ್ದಾರೆ. ಕೊರತೆ ಇರುವುದು ಪರೀಕ್ಷೆಯ ಕ್ರಮದಲ್ಲಿ. ಮಾಡೆಲ್ ಬದಲಿಸುವುದಕ್ಕೆ ವಾರಗಳು ಬೇಕು, ಕಪ್ಪಿನ ಮಟ್ಟ ಸರಿಪಡಿಸುವುದಕ್ಕೆ ಹತ್ತು ನಿಮಿಷ ಸಾಕು, ಆದರೆ ನಾವು ಸದಾ ಮಾಡೆಲಿನಿಂದಲೇ ಶುರುಮಾಡುತ್ತೇವೆ. ಇಲ್ಲಿನ ಕ್ರಮ ಅದಕ್ಕೆ ತದ್ವಿರುದ್ಧ: ಅಗ್ಗದ ಪರೀಕ್ಷೆ ಮೊದಲು, ದುಬಾರಿಯದು ಕೊನೆಗೆ.

ಮೊದಲು ಬರೀ ಪ್ಲೇಟನ್ನು ನೋಡಿ

ಪರೀಕ್ಷೆಗೆ ಕೂರುವಾಗ ಧ್ವನಿಯನ್ನು ಪೂರ್ತಿ ಆಫ್ ಮಾಡಬೇಕು, ಏಕೆಂದರೆ ಅಬ್ಬರದ ಹಿನ್ನೆಲೆ ಸಂಗೀತ ಕಣ್ಣನ್ನೂ ಮರುಳುಮಾಡುತ್ತದೆ. ಆಮೇಲೆ ಸಿ.ಜಿ. (ಕಂಪ್ಯೂಟರಿನಲ್ಲಿ ಸೃಷ್ಟಿಸಿದ) ಪದರಗಳನ್ನೆಲ್ಲ ಮರೆಮಾಡಿ ಕ್ಯಾಮೆರಾದಲ್ಲಿ ಸೆರೆಯಾದ ಮೂಲ ದೃಶ್ಯವನ್ನು ಮಾತ್ರ ನಾಲ್ಕಾರು ಬಾರಿ ಓಡಿಸಬೇಕು. ಪ್ಲೇಟೇ ನಂಬುವಂತಿಲ್ಲದಿದ್ದರೆ ಮೇಲೆ ಎಷ್ಟು ಒಳ್ಳೆಯ ರಾಕ್ಷಸನನ್ನು ಕೂರಿಸಿದರೂ ಪ್ರಯೋಜನವಿಲ್ಲ.

ಈ ಹಂತದಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ನಟರ ದೃಷ್ಟಿ. ಇಪ್ಪತ್ತು ಅಡಿ ಎತ್ತರದ ರಾಕ್ಷಸನೊಡನೆ ಮಾತಾಡಬೇಕಾದ ನಾಯಕ, ಸೆಟ್ಟಿನಲ್ಲಿ ಸ್ಟೂಲ್ ಹತ್ತಿ ನಿಂತಿದ್ದ ಸಹಾಯಕ ನಿರ್ದೇಶಕನ ಮುಖ ನೋಡಿ ಸಂಭಾಷಣೆ ಹೇಳಿರುತ್ತಾನೆ. ಪರದೆಯ ಮೇಲೆ ಅವನು ರಾಕ್ಷಸನ ಹೊಕ್ಕುಳಿನ ಜತೆ ಜಗಳವಾಡುತ್ತಿರುವಂತೆ ಕಾಣುತ್ತದೆ. ಪ್ರೇಕ್ಷಕರು ಇದನ್ನೂ ‘ಗ್ರಾಫಿಕ್ಸ್ ಸರಿಯಿಲ್ಲ’ ಎಂದೇ ಹೇಳುತ್ತಾರೆ. ಮರುಚಿತ್ರೀಕರಣಕ್ಕೆ ಹಣವಿಲ್ಲದಿದ್ದರೆ ನಟನ ಕಣ್ಣಿನಿಂದ ಒಂದು ಗೆರೆ ಎಳೆದು, ರಾಕ್ಷಸನನ್ನು ಬಗ್ಗಿಸಿ, ಕೂರಿಸಿ ಅಥವಾ ದೂರ ಸರಿಸಿ, ಅವನ ಮುಖವನ್ನು ಆ ಗೆರೆಯ ಮೇಲೆ ತರಬೇಕು. ಮುಂದಿನ ಚಿತ್ರದಲ್ಲಿ ಉದ್ದನೆಯ ಬಿದಿರಿನ ತುದಿಗೆ ಚೆಂಡು ಕಟ್ಟಿ ಹಿಡಿದರೆ ಸಾಕು, ಇಡೀ ಸಮಸ್ಯೆ ಹುಟ್ಟುವುದೇ ಇಲ್ಲ.

ವಸ್ತು ದೃಶ್ಯದ ಮೇಲೆ ಅಂಟಿಸಿದಂತೆ ಕಂಡರೆ

ನಮಗೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಈ ಬಗೆಯದು, ಆದ್ದರಿಂದ ಇದನ್ನು ಒಂದು ಉದಾಹರಣೆಯ ಮೂಲಕವೇ ಬಿಡಿಸಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಆಕಾಶನೌಕೆಯೊಂದು ಇಳಿಯುವ ದೃಶ್ಯ ನಮ್ಮ ಕೈಗೆ ಬಂದಿತ್ತು. ಮೇ ತಿಂಗಳ ಸಂಜೆ ನಾಲ್ಕೂವರೆಯ ಹೊತ್ತಿನ ಪ್ಲೇಟು, ಹಿಂದೆ ನೀಲಗಿರಿ ತೋಪು, ಅದರಾಚೆ ಮಬ್ಬು. ನೌಕೆ ಕೂತ ಮೇಲೆ ನೋಡಿದರೆ ಸ್ಟಿಕ್ಕರ್ ಅಂಟಿಸಿದಂತಿತ್ತು. ‘ಡೀಟೇಲ್ ಸಾಲದು’ ಎಂದು ನಿರ್ದೇಶಕರು ತೀರ್ಮಾನಿಸಿದರು. ನಾವೂ ತಲೆಯಾಡಿಸಿ ಎರಡು ವಾರ ಕುಳಿತು ನೌಕೆಯ ಮೈಮೇಲೆ ರಿವೆಟ್ಟು, ಗೀರು, ತುಕ್ಕು, ಕೊಳವೆಗಳನ್ನು ಹಚ್ಚಿದೆವು. ಪರಿಣಾಮವಾಗಿ ಅದು ದುಬಾರಿ ಸ್ಟಿಕ್ಕರಿನಂತೆ ಕಂಡಿತು.

ಕೊನೆಗೆ ಒಂದು ರಾತ್ರಿ, ಬೇರೇನೂ ತೋಚದೆ, ವ್ಯೂವರಿನ ಗಾಮಾವನ್ನು, ಅಂದರೆ ಕತ್ತಲ ಭಾಗಗಳನ್ನು ಬೆಳಗಿಸಿ ತೋರಿಸುವ ಹೊಂದಾಣಿಕೆಯನ್ನು, ಮೂರರವರೆಗೆ ಏರಿಸಿ ನೋಡಿದೆ. ಸೊನ್ನೆಯಿಂದ ಒಂದರ ಅಳತೆಯಲ್ಲಿ ತೋಪಿನ ಅತಿ ಕಪ್ಪಾದ ನೆರಳು 0.04ರ ಆಸುಪಾಸಿನಲ್ಲಿದ್ದು ನೀಲಿ ಬೂದಿಗೆ ತಿರುಗಿತ್ತು, ಆದರೆ ಅದೇ ದೂರದಲ್ಲಿ ಇಳಿಯುತ್ತಿದ್ದ ನೌಕೆಯ ಹೊಟ್ಟೆ ಅಪ್ಪಟ ಸೊನ್ನೆಯಲ್ಲಿತ್ತು. ನಿಜವಾದ ಗಾಳಿಯಲ್ಲಿ ಧೂಳಿದೆ, ತೇವವಿದೆ, ಅವು ಬೆಳಕನ್ನು ಚದುರಿಸುತ್ತವೆ. ಹಾಗಾಗಿ ದೂರದ ಕಪ್ಪು ಎಂದೂ ಕಪ್ಪಾಗಿ ಉಳಿಯುವುದಿಲ್ಲ. ನಮ್ಮ ನೌಕೆ ಮಾತ್ರ ಗಾಳಿಯೇ ಇಲ್ಲದ ಜಾಗದಲ್ಲಿ ನಿಂತಿತ್ತು. ಅದರ ಕಪ್ಪನ್ನು ತೋಪಿನ ಕಪ್ಪಿನ ಮಟ್ಟಕ್ಕೂ ಬಣ್ಣಕ್ಕೂ ಎತ್ತಿದ ಕೂಡಲೇ ಅದು ಇನ್ನೂರು ಮೀಟರ್ ಹಿಂದಕ್ಕೆ ಸರಿದು ತನ್ನ ಜಾಗದಲ್ಲಿ ಕುಳಿತಿತು. ಹದಿನಾಲ್ಕು ದಿನದ ರಿವೆಟ್ಟುಗಳಲ್ಲಿ ಬಹುಪಾಲು ಆ ಮಬ್ಬಿನಲ್ಲಿ ಮಾಯವಾದವು, ಆ ಮಾತು ಬೇರೆ.

ಆದ್ದರಿಂದ ಈ ಲಕ್ಷಣಕ್ಕೆ ಮೊದಲ ಪರೀಕ್ಷೆ ಗಾಮಾ ಏರಿಸುವುದು, ಎರಡನೆಯದು ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ನೋಡುವುದು. ಬಣ್ಣದಲ್ಲಿ ಹೊಂದಿಕೊಂಡಂತೆ ಕಂಡ ವಸ್ತು ನೀಲಿ ಚಾನೆಲ್ಲಿನಲ್ಲಿ ಎದ್ದು ಕಾಣಬಹುದು. ಬಹುತೇಕ ಕ್ಯಾಮೆರಾಗಳ ಗದ್ದಲ, ಅಂದರೆ ಗ್ರೇನ್, ಅತಿ ಹೆಚ್ಚಿರುವುದೂ ನೀಲಿಯಲ್ಲೇ. ಪ್ಲೇಟಿನ ನೀಲಿ ಚಾನೆಲ್ ಕುದಿಯುತ್ತಿದ್ದು ನೌಕೆಯ ಜಾಗ ಮಾತ್ರ ಗಾಜಿನಂತೆ ನಿಶ್ಚಲವಾಗಿದ್ದರೆ ಪ್ರೇಕ್ಷಕರಿಗೆ ಕಾರಣ ಗೊತ್ತಾಗದಿದ್ದರೂ ಕಸಿವಿಸಿಯಂತೂ ಆಗುತ್ತದೆ. ಗ್ರೇನನ್ನು ಮೂರೂ ಚಾನೆಲ್‌ಗಳಿಗೆ ಸಮನಾಗಿ ಸುರಿಯದೆ, ಪ್ಲೇಟಿನಲ್ಲಿ ಅಳೆದು ಒಂದೊಂದಕ್ಕೂ ಬೇರೆ ಬೇರೆಯಾಗಿ ಕೊಡಬೇಕು.

ಕಪ್ಪು ಸರಿಯಾದ ಮೇಲೂ ಅಂಟಿಸಿದಂತಿದ್ದರೆ ಬೆಳಕಿನ ದಿಕ್ಕನ್ನು ನೋಡಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ನೆಟ್ಟ ಕಂಬಕ್ಕೆ ನೆರಳೇ ಇಲ್ಲದಂತಾಗುತ್ತದೆ. ಆ ದಿನಗಳ ಆಸುಪಾಸಿನಲ್ಲಿ ಮಧ್ಯಾಹ್ನ ತೆಗೆದ ಪ್ಲೇಟಿಗೆ, ಸಾಫ್ಟ್‌ವೇರ್ ತಾನಾಗಿ ಕೊಡುವ ಓರೆ ಬೆಳಕಿನಲ್ಲಿ ರಾಕ್ಷಸನನ್ನು ರೆಂಡರ್ ಮಾಡಿದರೆ, ಅಂದರೆ ಮಾಡೆಲಿನಿಂದ ಚಿತ್ರ ತೆಗೆದರೆ, ಅವನ ನೆರಳು ಪಕ್ಕಕ್ಕೆ ಚಾಚಿಕೊಳ್ಳುತ್ತದೆ, ನಾಯಕನ ನೆರಳು ಪಾದದಡಿಯಲ್ಲೇ ಉಳಿಯುತ್ತದೆ. ಪ್ಲೇಟಿನ ದಿನಾಂಕ, ಗಂಟೆ ಮತ್ತು ಕ್ಯಾಮೆರಾ ನೋಡುತ್ತಿದ್ದ ದಿಕ್ಕು, ಈ ಮೂರನ್ನು ಕ್ಲಾಪ್ ಬೋರ್ಡಿನ ಮೇಲೆ ಬರೆದಿಟ್ಟಿದ್ದರೆ ಸೂರ್ಯನನ್ನು ಲೆಕ್ಕ ಹಾಕಿಯೇ ಕೂರಿಸಬಹುದು. ಬರೆದಿಡದಿದ್ದರೆ ಪ್ಲೇಟಿನಲ್ಲಿರುವ ಯಾವುದಾದರೂ ಕಂಬದ ನೆರಳಿನಿಂದ ಹಿಮ್ಮುಖವಾಗಿ ಹೊರಡಬೇಕು.

ಸುತ್ತಲಿನ ಬೆಳಕನ್ನು ಕನ್ನಡಿಗೋಳದ ಮೇಲೆ ಹಲವು ಎಕ್ಸ್‌ಪೋಷರ್‌ಗಳಲ್ಲಿ ಸೆರೆಹಿಡಿದು ಅದರಿಂದಲೇ ಸಿ.ಜಿ. ವಸ್ತುವಿಗೆ ಬೆಳಕು ಕೊಡುವ ವಿಧಾನವನ್ನು ಪಾಲ್ ಡೆಬೆವೆಕ್ 1998ರಲ್ಲೇ ಪ್ರಕಟಿಸಿದರು. ಅದು ಈಗ ಉಚಿತವಾಗಿ ಸಿಗುವ ಬ್ಲೆಂಡರ್ ಸಾಫ್ಟ್‌ವೇರಿನಲ್ಲೂ ಕೆಲವೇ ಕ್ಲಿಕ್ಕುಗಳ ಕೆಲಸ. ಗೋಳ ಇಲ್ಲದ ದಿನ ನಾನು ಪ್ರೊಡಕ್ಷನ್ ಊಟದವರಿಂದ ಹೊಳೆಯುವ ಸ್ಟೀಲ್ ಚೊಂಬು ಇಸಿದುಕೊಂಡು, ನಟ ನಿಲ್ಲುವ ಜಾಗದಲ್ಲಿ ಹಿಡಿದು ಫೋಟೊ ತೆಗೆದದ್ದುಂಟು. ಅದರಿಂದ ರೆಂಡರ್ ಮಾಡಲು ಬಾರದು, ಆದರೆ ಸೂರ್ಯ ಯಾವ ಕಡೆಗಿದ್ದ, ಮೋಡ ಎಷ್ಟಿತ್ತು, ಕೆಮ್ಮಣ್ಣಿನಿಂದ ಎಷ್ಟು ಕೆಂಪು ಮೇಲಕ್ಕೆ ಚಿಮ್ಮುತ್ತಿತ್ತು ಎಂಬುದೆಲ್ಲ ಅದರಲ್ಲಿ ಉಳಿದಿರುತ್ತದೆ. ಈ ಕೊನೆಯದನ್ನು ಮರೆಯಬಾರದು. ನಮ್ಮ ಸುತ್ತಲಿನ ನೆಲದ ಮೇಲೆ ನಿಂತ ಯಾವ ವಸ್ತುವಿನ ತಳಭಾಗಕ್ಕೂ ಮಣ್ಣಿನ ಕೆಂಪು ತಾಗುತ್ತದೆ, ನೆರಳಿನ ಭಾಗಕ್ಕೆ ಆಕಾಶದ ನೀಲಿ ತಾಗುತ್ತದೆ. ಅಡಿ ಮೇಲೆ ಒಂದೇ ಬೂದಿಯಾಗಿರುವ ನೌಕೆ ಯಾವ ಊರಿನಲ್ಲೂ ಇಳಿದಂತೆ ಕಾಣುವುದಿಲ್ಲ.

ನೆರಳಿನ ಬಗ್ಗೆ ಎರಡು ಮಾತು. ವಸ್ತು ನೆಲಕ್ಕೆ ತಾಗುವ ಗೆರೆಯಲ್ಲಿ ಬೆರಳಗಲದ ದಟ್ಟ ಕಪ್ಪು ಇರಲೇಬೇಕು, ಅದಿಲ್ಲದಿದ್ದರೆ ಉಳಿದ ನೆರಳು ಎಷ್ಟೇ ಸರಿಯಿದ್ದರೂ ವಸ್ತು ತೇಲುತ್ತದೆ. ಎರಡನೆಯದು ಅಂಚಿನ ಮೃದುತ್ವ. ಸೂರ್ಯಬಿಂಬ ಸುಮಾರು ಅರ್ಧ ಡಿಗ್ರಿ ಅಗಲವಿರುವುದರಿಂದ, ನೆರಳು ಬೀಳಿಸುವ ವಸ್ತುವಿಗೂ ನೆರಳು ಬೀಳುವ ಜಾಗಕ್ಕೂ ನಡುವೆ ಪ್ರತಿ ಮೀಟರ್ ದೂರಕ್ಕೆ ನೆರಳಿನ ಅಂಚು ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್ ಮಸುಕಾಗುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಮೂವತ್ತು ಮೀಟರ್ ಎತ್ತರದಲ್ಲಿ ತೇಲುವ ನೌಕೆಯ ನೆರಳಿಗೆ ಒಂದು ಅಡಿಯಷ್ಟು ಅಗಲದ ಮಸುಕು ಅಂಚಿರಬೇಕು. ಸಂಜೆಯ ಓರೆ ಬಿಸಿಲಿನಲ್ಲಿ ಆ ದೂರವೇ ಹೆಚ್ಚುವುದರಿಂದ ಮಸುಕೂ ಅಗಲವಾಗುತ್ತದೆ. ಬ್ಲೇಡಿನಿಂದ ಕತ್ತರಿಸಿದಂಥ ನೆರಳು ಕೊಟ್ಟರೆ ನೌಕೆ ಮೊಣಕಾಲೆತ್ತರಕ್ಕೆ ಇಳಿದುಬಿಡುತ್ತದೆ.

ನೆಲದ ಮೇಲೆ ಜಾರಿದರೆ

ಕ್ಯಾಮೆರಾ ಚಲಿಸುವಾಗ ವಸ್ತು ನೆಲದ ಮೇಲೆ ಜಾರುವುದು ಟ್ರ್ಯಾಕಿಂಗ್ ದೋಷ, ಅಂದರೆ ಕ್ಯಾಮೆರಾದ ಚಲನೆಯನ್ನು ಸಾಫ್ಟ್‌ವೇರ್ ತಪ್ಪಾಗಿ ಲೆಕ್ಕ ಹಾಕಿದೆ. ಎಲ್ಲಿ ಜಾರುತ್ತದೆ, ಯಾವಾಗ ಜಾರುತ್ತದೆ ಎಂದು ನೋಡಿದರೆ ಕಾರಣ ತಾನಾಗಿ ಹೊರಬೀಳುತ್ತದೆ. ನೌಕೆಯ ಜಾಗದಲ್ಲಿ ನಾಲ್ಕಾರು ಶಂಕುಗಳನ್ನಿಟ್ಟು ಓಡಿಸಿ ನೋಡಿ. ಚೌಕಟ್ಟಿನ ನಡುವೆ ಸರಿಯಾಗಿ ನಿಂತು ಅಂಚಿಗೆ ಬಂದಾಗ ಮಾತ್ರ ಜಾರಿದರೆ ಲೆನ್ಸಿನ ಬಾಗನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದರ್ಥ. ಕ್ಯಾಮೆರಾ ಸರ್ರನೆ ತಿರುಗಿದಾಗ ಮಾತ್ರ ಜೆಲ್ಲಿಯಂತೆ ಅಲುಗಿದರೆ ಅದು ರೋಲಿಂಗ್ ಶಟರ್, ಅಂದರೆ ಸೆನ್ಸರ್ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದಿ ಮುಗಿಸುವಷ್ಟರಲ್ಲಿ ದೃಶ್ಯವೇ ಸರಿದಿರುತ್ತದೆ. ನಿಧಾನವಾಗಿ ಒಂದೇ ಕಡೆಗೆ ತೆವಳಿದರೆ ಟ್ರ್ಯಾಕ್ ಬಿಂದುಗಳು ಚಲಿಸುವ ವಸ್ತುವಿನ ಮೇಲೆ, ಮೋಡದ ಮೇಲೋ ಗಾಳಿಗೆ ಓಲಾಡುವ ಎಲೆಗಳ ಮೇಲೋ ಕುಳಿತಿವೆ.

ಯಾವ ನಿಯಮಕ್ಕೂ ಸಿಗದೆ ನಡುಗುತ್ತಿದ್ದರೆ ಲೆನ್ಸಿನಲ್ಲೋ ಕ್ಯಾಮೆರಾದಲ್ಲೋ ಸ್ಟೆಬಿಲೈಸೇಶನ್ ಚಾಲೂ ಇತ್ತೇ ಎಂದು ಛಾಯಾಗ್ರಾಹಕರನ್ನು ಕೇಳಬೇಕು. ಒಳಗೆ ಗಾಜೋ ಸೆನ್ಸರೋ ತನ್ನಷ್ಟಕ್ಕೆ ಅಲುಗುತ್ತಿದ್ದರೆ ಯಾವ ಸಾಫ್ಟ್‌ವೇರಿಗೂ ಕ್ಯಾಮೆರಾ ಎಲ್ಲಿತ್ತೆಂದು ಖಚಿತವಾಗಿ ಹೇಳಲಾಗುವುದಿಲ್ಲ. ಹುಲ್ಲುಗಾವಲಿನಲ್ಲಿ ನಿಶ್ಚಲ ಬಿಂದುಗಳೇ ಇರುವುದಿಲ್ಲವಾದ್ದರಿಂದ ನಾವು ಸುಣ್ಣ ಬಳಿದ ಒಂಬತ್ತು ಕಲ್ಲುಗಳನ್ನು ಬೇರೆ ಬೇರೆ ದೂರದಲ್ಲಿ ಇರಿಸಿ, ಟ್ರ್ಯಾಕ್ ಮುಗಿದ ಮೇಲೆ ಅವುಗಳನ್ನು ಪೇಂಟ್ ಮಾಡಿ ಅಳಿಸಿದೆವು.

ಅಂಚಿನಲ್ಲಿ ಗೆರೆ, ಕೂದಲಲ್ಲಿ ಹಸಿರು

ವಸ್ತುವಿನ ಸುತ್ತ ತೆಳುವಾದ ಕಪ್ಪು ಗೆರೆ ಕಂಡರೆ ಅದನ್ನು ಬಿಳಿಯ ಹಿನ್ನೆಲೆಯ ಮೇಲೊಮ್ಮೆ, ಕರಿಯ ಹಿನ್ನೆಲೆಯ ಮೇಲೊಮ್ಮೆ ಇಟ್ಟು ನೋಡಬೇಕು. ಬಿಳಿಯ ಮೇಲೆ ಗೆರೆ ಎದ್ದು ಕಂಡು ಕಪ್ಪಿನ ಮೇಲೆ ಮರೆಯಾದರೆ ಬಣ್ಣವನ್ನು ಆಲ್ಫಾದಿಂದ, ಅಂದರೆ ಪಾರದರ್ಶಕತೆಯ ಅಳತೆಯಿಂದ, ಎರಡು ಸಲ ಗುಣಿಸಲಾಗಿದೆ, ಅಂಚು ಬೆಳ್ಳಗೆ ಉರಿಯುತ್ತಿದ್ದರೆ ಒಮ್ಮೆಯೂ ಗುಣಿಸಿಲ್ಲ. ಎರಡೂ ಒಂದು ಟಿಕ್ ಗುರುತಿನಿಂದ ಸರಿಹೋಗುವ ದೋಷಗಳು, ಆದರೂ ಇಂಥ ಗೆರೆಗಳನ್ನು ಫ್ರೇಮ್ ಫ್ರೇಮ್ ಕುಳಿತು ಮಸುಕು ಮಾಡಿದ ಕೋಣೆಗಳನ್ನು ನಾನು ನೋಡಿದ್ದೇನೆ.

ಗ್ರೀನ್ ಮ್ಯಾಟಿನ (ಹಿನ್ನೆಲೆ ಬದಲಿಸಲು ಕಟ್ಟುವ ಹಸಿರು ಪರದೆಯ) ತೊಂದರೆಗಳು ಮಾತ್ರ ಬಟ್ಟೆಯಿಂದಲೇ ಶುರುವಾಗುತ್ತವೆ. ಚಿಕ್ಕಪೇಟೆಯಿಂದ ತಂದ ಹಸಿರು ಸ್ಯಾಟಿನ್ ಹೊಳೆಯುತ್ತದೆ, ಸುಕ್ಕುಗಟ್ಟುತ್ತದೆ. ಜಾಗ ಸಾಲದೆಂದು ನಟಿಯನ್ನು ಅದಕ್ಕೆ ಮೂರಡಿ ದೂರದಲ್ಲಿ ನಿಲ್ಲಿಸಿದರೆ ಎಣ್ಣೆ ಹಾಕಿದ ಕೂದಲು, ಜರಿಯಂಚು, ಮುಡಿದ ಮಲ್ಲಿಗೆ ಎಲ್ಲವೂ ಹಸಿರನ್ನು ಹೀರಿಕೊಳ್ಳುತ್ತವೆ. ಮಲ್ಲಿಗೆಯ ಮೇಲಿನ ಹಸಿರು ತೆಗೆಯಲು ಹೋದರೆ ಹೂವು ನೇರಳೆಯಾಗುತ್ತದೆ. ಕನಿಷ್ಠ ಹತ್ತು ಹನ್ನೆರಡು ಅಡಿ ಅಂತರವಿದ್ದರೆ ಇದರಲ್ಲಿ ಬಹುಪಾಲು ಬರುವುದೇ ಇಲ್ಲ. ನಮ್ಮ ಜಾನಪದ ಕಥೆಗಳಲ್ಲಿ ಮಾತಾಡುವ ಗಿಳಿ, ವೀಳ್ಯದೆಲೆ, ಹಸಿರು ಪೀತಾಂಬರ ಇದ್ದೇ ಇರುತ್ತವೆ. ಅಂಥ ಕಡೆ ನೀಲಿ ಪರದೆ ಬಳಸದೆ ಹಠ ಹಿಡಿದರೆ ರಾಜಕುಮಾರಿಯ ಭುಜದ ಮೇಲಿನ ಗಿಳಿಯ ಕೊಕ್ಕು ಮಾತ್ರ ಉಳಿಯುತ್ತದೆ.

ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆದಿದ್ದರೆ ಪರದೆಯ ಬಣ್ಣವನ್ನು ತೆಗೆದುಹಾಕುವ ಕೀಯರನ್ನು ದೂರುವ ಮೊದಲು ಫೈಲನ್ನು ನೋಡಬೇಕು. 4:2:0 ಮಾದರಿಯಲ್ಲಿ ರೆಕಾರ್ಡ್ ಆದ 1920×1080ರ ವಿಡಿಯೊದಲ್ಲಿ ಬೆಳಕಿನ ವಿವರ ಪೂರ್ತಿ ಇರುತ್ತದೆ, ಬಣ್ಣದ ವಿವರ 960×540 ಮಾತ್ರ. ಕೀಯರ್ ಕೆಲಸ ಮಾಡುವುದು ಬಣ್ಣದ ಮೇಲೆ. ಇಲ್ಲದ ವಿವರವನ್ನು ಅದು ಎಲ್ಲಿಂದ ತರಬೇಕು? ಕ್ಯಾಮೆರಾದಲ್ಲಿ ಬಣ್ಣದ ವಿವರ ಹೆಚ್ಚು ಉಳಿಸುವ ಹತ್ತು ಬಿಟ್ 4:2:2 ಆಯ್ಕೆ ಇದ್ದೂ ಕಾರ್ಡಿನಲ್ಲಿ ಜಾಗ ಉಳಿಸಲು ಅದನ್ನು ಬಿಟ್ಟಿದ್ದರೆ, ಉಳಿತಾಯದ ಹಲವು ಪಟ್ಟು ಹಣ ರೋಟೊಗೆ ಹೋಗುತ್ತದೆ.

ದೊಡ್ಡದು ಆಟಿಕೆಯಂತೆ ಕಂಡರೆ

ಗಾತ್ರವನ್ನು ಕಣ್ಣು ಅಳೆಯುವುದು ವೇಗದಿಂದ. ರಾಮನಗರದ ಬಂಡೆಯೊಂದರ ಮೇಲಿಂದ, ಇಪ್ಪತ್ತು ಮೀಟರ್ ಎತ್ತರದಿಂದ, ರಾಕ್ಷಸ ಕೆಳಗೆ ಧುಮುಕುತ್ತಾನೆಂದು ಇಟ್ಟುಕೊಳ್ಳೋಣ. ಭೂಮಿಯ ಗುರುತ್ವಕ್ಕೆ ಅವನು ನೆಲ ಮುಟ್ಟಲು ಎರಡು ಸೆಕೆಂಡು, ಅಂದರೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 48 ಫ್ರೇಮು ಬೇಕು. ‘ಪಂಚ್ ಇರಲಿ’ ಎಂದು ಅನಿಮೇಟರ್ ಅದನ್ನು 24 ಫ್ರೇಮಿಗೆ ಇಳಿಸಿದರೆ ಬಂಡೆಯ ಎತ್ತರ ಪ್ರೇಕ್ಷಕರ ಕಣ್ಣಿಗೆ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಸಮಯ ಅರ್ಧವಾದರೆ ಅಷ್ಟರಲ್ಲಿ ಬೀಳುವ ದೂರ ನಾಲ್ಕರಲ್ಲೊಂದು ಪಾಲಾಗುವುದೇ ಕಾರಣ. ಐದು ಮೀಟರಿನ ಬಂಡೆಯ ಮೇಲಿಂದ ಹಾರಿದವನು ರಾಕ್ಷಸನಲ್ಲ, ಪಕ್ಕದ ಮನೆಯ ಹುಡುಗ. ಮಾಡೆಲಿಗೆ ಕೈಹಾಕುವ ಮೊದಲು ಫ್ರೇಮು ಎಣಿಸಿ.

ಮಿನಿಯೇಚರ್ ಬಳಸುವವರಿಗೂ ಇದೇ ಲೆಕ್ಕ ತಿರುವಿ ಬರುತ್ತದೆ. ಹದಿನಾರರಲ್ಲೊಂದು ಅಳತೆಯ ಕೋಟೆ ಕುಸಿಯುವುದನ್ನು ಅದರ ವರ್ಗಮೂಲವಾದ ನಾಲ್ಕು ಪಟ್ಟು ವೇಗದಲ್ಲಿ, ಸೆಕೆಂಡಿಗೆ 96 ಫ್ರೇಮಿನಲ್ಲಿ, ಸೆರೆಹಿಡಿಯಬೇಕು. ಇಂದಿನ ಎಷ್ಟೋ ಫೋನುಗಳೂ 120 ಫ್ರೇಮು ಕೊಡುತ್ತವೆ. ನೀರು ಮತ್ತು ಬೆಂಕಿ ಈ ಲೆಕ್ಕಕ್ಕೆ ಬಗ್ಗುವುದಿಲ್ಲ, ಏಕೆಂದರೆ ಕೋಟೆಯನ್ನು ಚಿಕ್ಕದು ಮಾಡಿದಂತೆ ನೀರಹನಿಯನ್ನು ಚಿಕ್ಕದು ಮಾಡಲಾಗದು. ಮಿನಿಯೇಚರ್ ಪ್ರವಾಹದ ಉಪಾಯವನ್ನು ನಾನು ಕೈಬಿಟ್ಟು ಬಹಳ ಕಾಲವಾಯಿತು.

ಇಲ್ಲೊಂದು ಮಾತು ಹೇಳಬೇಕು. ಬಿ. ವಿಠಲಾಚಾರ್ಯರ ಕಾಲದ ಜಾನಪದ ಚಿತ್ರಗಳ ಭೂತಗಳು ಇಂದಿಗೂ ತಮ್ಮ ದೃಶ್ಯಕ್ಕೆ ಸೇರಿದವಾಗಿ ಕಾಣುವುದಕ್ಕೆ ಬರೀ ನಮ್ಮ ಹಳೆಯ ಪ್ರೀತಿ ಕಾರಣವಲ್ಲ. ಕ್ಯಾಮೆರಾದೊಳಗೇ ಎರಡು ಸಲ ಎಕ್ಸ್‌ಪೋಸ್ ಆದ ಫಿಲ್ಮಿನಲ್ಲಿ ಭೂತಕ್ಕೂ ನಾಯಕನಿಗೂ ಒಂದೇ ಲೆನ್ಸು, ಒಂದೇ ಗ್ರೇನು, ಬಹುಮಟ್ಟಿಗೆ ಒಂದೇ ಬೆಳಕು. ನಾವು ಇಂದು ಪದರ ಪದರವಾಗಿ ಹುಡುಕಿ ಹೊಂದಿಸುವುದೆಲ್ಲ ಅವರಿಗೆ ಬಿಟ್ಟಿಯಾಗಿ ಸಿಗುತ್ತಿತ್ತು. ಆದ್ದರಿಂದ ಹೊಗೆ, ಧೂಳು, ಬೀಸುವ ಹುಲ್ಲಿನಂಥವುಗಳನ್ನು ಸ್ಥಳದಲ್ಲೇ ನಿಜವಾಗಿ ಎಬ್ಬಿಸಲು ಸಾಧ್ಯವಿದ್ದರೆ ಹಾಗೆಯೇ ಮಾಡಬೇಕೆಂಬುದು ನನ್ನ ಅಭಿಪ್ರಾಯ. ನಾಲ್ಕು ಜನ ಗೋಣಿಚೀಲದಿಂದ ಮಣ್ಣು ತೂರಿದ ಪ್ಲೇಟು ನಾಲ್ಕು ದಿನದ ಸಿಮ್ಯುಲೇಶನ್ನಿಗಿಂತ ಮೇಲು.

ಚಲನೆಯ ಮಸುಕನ್ನೂ ಇಲ್ಲೇ ಪರೀಕ್ಷಿಸಬಹುದು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ರಾತ್ರಿ ದೃಶ್ಯಗಳನ್ನು ಸಾಮಾನ್ಯವಾಗಿ 1/50 ಸೆಕೆಂಡಿನ ಶಟರಿನಲ್ಲಿ ತೆಗೆಯುತ್ತಾರೆ, ಸಿ.ಜಿ.ಯ ವಾಡಿಕೆಯ ಮಸುಕು ಅದಕ್ಕೆ ಹತ್ತಿರವಾಗಿಯೇ ಇರುತ್ತದೆ. ಹಗಲಲ್ಲಿ ಬೆಳಕು ತಗ್ಗಿಸುವ ಎನ್.ಡಿ. ಫಿಲ್ಟರ್ ಮರೆತು ಶಟರನ್ನು 1/1000ಕ್ಕೆ ಏರಿಸಿದ ಪ್ಲೇಟಿನಲ್ಲಿ ಮಸುಕೇ ಇರುವುದಿಲ್ಲ, ಸಿ.ಜಿ. ಮಾತ್ರ ಹಾಲು ಕಲಸಿದಂತೆ ಕಾಣುತ್ತದೆ.

ಆಫೀಸಿನಲ್ಲಿ ಸರಿ, ಥಿಯೇಟರಿನಲ್ಲಿ ತಪ್ಪು

ಟ್ಯೂಬ್‌ಲೈಟ್ ಉರಿಯುವ, ರಸ್ತೆಯ ಬೆಳಕು ಕಿಟಕಿಯಿಂದ ನುಗ್ಗುವ ಕೋಣೆಯಲ್ಲಿ ಒಪ್ಪಿಗೆ ಪಡೆದ ದೃಶ್ಯ ಕತ್ತಲ ಸಭಾಂಗಣದಲ್ಲಿ ಬೇರೆಯೇ ಆಗುತ್ತದೆ. ಚಿತ್ರಮಂದಿರದ ಬಿಳಿಗೆ ನಿಗದಿಯಾದ ಪ್ರಖರತೆ 48 ನಿಟ್, ನಮ್ಮ ಮಾನಿಟರುಗಳು ಹೆಚ್ಚಾಗಿ ಅದರ ಎರಡು ಮೂರು ಪಟ್ಟು ಉರಿಯುತ್ತಿರುತ್ತವೆ. ಕೋಣೆಯ ಬೆಳಕಿನಲ್ಲಿ ಮುಚ್ಚಿಹೋಗಿದ್ದ ಕಪ್ಪುಭಾಗದ ದೋಷಗಳು, ಮುಖ್ಯವಾಗಿ ಮ್ಯಾಟ್ (ಕತ್ತರಿಸಿ ಕೂರಿಸಿದ ಭಾಗದ) ಸುತ್ತಲಿನ ಪೆಟ್ಟಿಗೆಯಾಕಾರದ ಅಂಚುಗಳು, ಅಲ್ಲಿ ತೇಲಿಬರುತ್ತವೆ. ಆಕಾಶದಲ್ಲಿ ಪಟ್ಟಿ ಪಟ್ಟಿಯಾಗಿ ಕಂಡರೆ ದಾರಿಯಲ್ಲೆಲ್ಲೋ ಫೈಲು ಎಂಟು ಬಿಟ್ಟಿಗೆ, ಅಂದರೆ ಚಾನೆಲ್ಲಿಗೆ 256 ಮೆಟ್ಟಿಲಿಗೆ, ಇಳಿದಿದೆ. ಚಿತ್ರಮಂದಿರಕ್ಕೆ ಹೋಗುವ ಡಿ.ಸಿ.ಪಿ. ಫೈಲು ಹನ್ನೆರಡು ಬಿಟ್ಟಿನದಾದರೂ ಕಳೆದುಹೋದ ಮೆಟ್ಟಿಲುಗಳನ್ನು ಅದು ಮರಳಿ ಕಟ್ಟಿಕೊಡುವುದಿಲ್ಲ. ಮೊದಲಿನ ಫೈಲಿಗೆ ಹಿಂತಿರುಗಲು ಸಮಯವಿಲ್ಲದಿದ್ದರೆ ತೆಳುವಾಗಿ ಗ್ರೇನ್ ಚಿಮುಕಿಸುವುದು ತಾತ್ಕಾಲಿಕ ಮದ್ದು.

ಬೆಳಗಿನ ಆಟಕ್ಕೂ ಮುನ್ನ ಅರ್ಧ ಗಂಟೆ ಪರದೆ ಬಿಟ್ಟುಕೊಡುವ ಚಿತ್ರಮಂದಿರದವರು ಸಿಕ್ಕರೆ ಎಫೆಕ್ಟ್ಸ್ ದೃಶ್ಯಗಳನ್ನಷ್ಟೇ ಜೋಡಿಸಿದ ರೀಲನ್ನು ಡಿ.ಸಿ.ಪಿ. ಮಾಡಿಸಿ, ನಡುಸಾಲಿನಲ್ಲಿ ಒಮ್ಮೆ, ಮೊದಲ ಸಾಲಿನಲ್ಲಿ ಒಮ್ಮೆ ಕುಳಿತು ನೋಡಬೇಕು. ಹೆಸರಘಟ್ಟದ ನೌಕೆಯನ್ನು ನಾವು ಹಾಗೆ ನೋಡಿದ್ದು ಚಿತ್ರ ತೆರೆಕಂಡ ಮೇಲೆ, ಟಿಕೆಟ್ ಕೊಂಡು. ಕಪ್ಪು ಸರಿಯಿತ್ತು, ನೆರಳು ಸರಿಯಿತ್ತು, ನೌಕೆ ನೆಲದ ಮೇಲೆ ಗಟ್ಟಿಯಾಗಿ ನಿಂತಿತ್ತು. ಕೆಳಗಿನ ಎಡಮೂಲೆಯಲ್ಲಿ, ಹುಲ್ಲಿನ ನಡುವೆ, ಒಂಬತ್ತನೆಯ ಸುಣ್ಣದ ಕಲ್ಲು ಬೆಳ್ಳಗೆ ಹಾಗೇ ಕುಳಿತಿತ್ತು.